ಮಿಲಿಟರಿ ಲಾರಿಯ ಗಾಳಿ ಎಲ್ಲಿ ಹೋಗುತ್ತದೆ: ಎರಡು ರಾತ್ರಿ, ಮೂರು ಬೆಳಗು

ಮಳೆ ಬಿದ್ದ ಮರುದಿನ ದಾವಣಗೆರೆ ಸೀಮೆಯ ಎರೆ ಹೊಲಕ್ಕೆ ಲೋಡು ಲಾರಿ ಇಳಿಸುವ ಧೈರ್ಯ ಯಾರೂ ಮಾಡುವುದಿಲ್ಲ. ಲಾರಿ ರಸ್ತೆಯಂಚಿನಲ್ಲೇ ನಿಲ್ಲುತ್ತದೆ. ಮೆಕ್ಕೆಜೋಳದ ಚೀಲಗಳು ಟ್ರ್ಯಾಕ್ಟರಿನಲ್ಲೋ ಹೆಗಲ ಮೇಲೋ ಅಲ್ಲಿಯವರೆಗೆ ಬರಬೇಕು. ಎಂಜಿನ್ನಿಗೆ ಬಲ ಸಾಲದೆ ಹೀಗಾಗುವುದಲ್ಲ, ಟೈರು ನೆಲದ ಮೇಲೆ ಊರುವ ಜಾಗ ಸಾಲದೆ ಹೀಗಾಗುತ್ತದೆ. ಒಂದು ಗಾಲಿಯ ಮೇಲೆ 2,500 ಕೆ.ಜಿ. ಭಾರವಿದೆ ಎನ್ನಿ. 100 ಪೌಂಡು ಗಾಳಿಯಿದ್ದರೆ ಆ ಗಾಲಿ ಸುಮಾರು 355 ಚದರ ಸೆಂಟಿಮೀಟರ್ ನೆಲವನ್ನಷ್ಟೇ ಮುಟ್ಟುತ್ತದೆ. 60 ಪೌಂಡಿಗೆ ಇಳಿಸಿದರೆ 590, 20 ಪೌಂಡಿಗೆ ಇಳಿಸಿದರೆ 1,775. ಟೈರಿನ ಪಕ್ಕೆಯೂ ಒಂದಿಷ್ಟು ಭಾರ ಹೊರುವುದರಿಂದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಆದರೂ ಅಂದಾಜು ಇದೇ. ಅದೇ ಲಾರಿ, ಅದೇ ಲೋಡು, ಅದೇ ಕೆಸರು. ಗಾಳಿ ಇಳಿದಾಗ ಐದು ಪಟ್ಟು ಅಗಲವಾದ ಪಾದ.

ಹಲವು ಮಿಲಿಟರಿ ಲಾರಿಗಳಲ್ಲಿ ಈ ಪಾದವನ್ನು ಡ್ರೈವರ್ ತನ್ನ ಸೀಟಿನಿಂದಲೇ ಹಿಗ್ಗಿಸಿ ಕುಗ್ಗಿಸುತ್ತಾನೆ. ಅದಕ್ಕಿರುವ ಏರ್ಪಾಡಿಗೆ ಸಿಟಿಐಎಸ್ ಎಂದು ಹೆಸರು, ಅಂದರೆ ಎಲ್ಲ ಟೈರುಗಳ ಗಾಳಿಯನ್ನೂ ಒಂದೇ ಕಡೆಯಿಂದ ಏರಿಸಿ ಇಳಿಸುವ ವ್ಯವಸ್ಥೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಬಳಸಿದ, ನೀರಿನಲ್ಲೂ ನೆಲದಲ್ಲೂ ಓಡುವ ಡಕ್ ಲಾರಿಗಳಲ್ಲಿ ಇದು ಬಂತು. ಗಾಳಿಯ ಕೊಳವೆ ಗಾಲಿಯ ಹೊರಮೈಯಿಂದ ಅದರ ನಡುಭಾಗವಾದ ಹಬ್ಬಿಗೆ ಬರುತ್ತಿತ್ತು, ಗಿಡಗಂಟಿಗೆ ಸಿಕ್ಕರೆ ಮುರಿಯುತ್ತಿತ್ತು. 1958ರಲ್ಲಿ ಸೋವಿಯತ್ ಒಕ್ಕೂಟದ ಝಿಲ್-157 ಬಂದಾಗ ಗಾಳಿ ಹಬ್ಬಿನ ಒಳಗಿನಿಂದಲೇ ಹಾಯುವ ಹಾಗಾಯಿತು. ನಂತರದ ಝಿಲ್-131, ಉರಾಲ್-375, ಉರಾಲ್-4320 ಎಲ್ಲ ಅದೇ ದಾರಿ ಹಿಡಿದವು. ನಮ್ಮ ಸೇನೆಯ ಗ್ರಾಡ್ ರಾಕೆಟ್ ಲಾಂಚರುಗಳು ಬಂದದ್ದು ಉರಾಲ್-375ರ ಮೇಲೆ. ಪಿನಾಕಾ ರಾಕೆಟ್ ಲಾಂಚರನ್ನು ಹೊರುವುದು ಬಿಇಎಂಎಲ್ ಕಟ್ಟಿದ ಟಾಟ್ರಾ ಲಾರಿ.

ದಾವಣಗೆರೆಯ ಪಿ.ಬಿ. ರೋಡಿನ ಏರ್‌ಬ್ರೇಕ್ ಮೇಸ್ತ್ರಿಗಳಿಗೆ ಈ ವ್ಯವಸ್ಥೆಯ ಮುಕ್ಕಾಲು ಪಾಲು ಈಗಾಗಲೇ ಗೊತ್ತು. ಕಂಪ್ರೆಸರ್, ಟ್ಯಾಂಕು, ಪೈಪು, ವಾಲ್ವು ಎಲ್ಲ ಅವರು ದಿನಾ ಬಿಚ್ಚಿ ಕಟ್ಟುವುದೇ. ಹೊಸದು ಒಂದೇ ಜಾಗ: ನಿಂತಿರುವ ಆಕ್ಸಲಿನಿಂದ ತಿರುಗುವ ಹಬ್ಬಿಗೆ ಗಾಳಿ ದಾಟುವ, ಸೀಲು ಎಂದು ಕರೆಯುವ ಎರಡು ರಬ್ಬರ್ ತುಟಿಗಳ ನಡುವಿನ ಸಂದು. ಇದರ ರೋಗ ತಪ್ಪಾಗಿ ಗುರುತಾಗುವುದಕ್ಕೂ ಕಾರಣ ಅಲ್ಲೇ ಇದೆ. ಸೋರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಟೈರು ಇಳಿದಿದೆ ಎಂದು ಟೈರು ಬಿಚ್ಚುತ್ತಾರೆ, ಗಾಳಿ ಹೋಗುತ್ತಿರುವುದು ಡಿಫರೆನ್ಷಿಯಲ್ಲಿನ ಬ್ರೀದರಿನಿಂದ, ಅಂದರೆ ಒಳಗಿನ ಒತ್ತಡ ಹೊರಹೋಗಲು ಇರುವ ಸಣ್ಣ ಕಿಂಡಿಯಿಂದ. ಎಚ್ಚರಿಕೆಯ ದೀಪ ಮಿನುಗುತ್ತಿದೆ ಎಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬದಲಿಸುತ್ತಾರೆ, ತಪ್ಪು ಇರುವುದು ಮಣ್ಣು ಮೆತ್ತಿಕೊಂಡ ಒಂದು ತೂತಿನಲ್ಲಿ. ಬಿಡಿಭಾಗ ಬದಲಿಸುವ ಆತುರ ತಡೆದುಕೊಂಡು ಎರಡು ರಾತ್ರಿ ಕಾಯಬಲ್ಲವರಿಗೆ ಈ ಲಾರಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ಜೀವದ ಮಾತು. ಈ ಗಾಲಿಗಳ ರಿಮ್ಮು ಬಹಳಷ್ಟು ಸಲ ಎರಡು ತುಂಡಿನದು, ಬೋಲ್ಟು ಹಾಕಿ ಜೋಡಿಸಿದ್ದು, ಇಲ್ಲವೇ ಲಾಕ್ ರಿಂಗಿನದು. ಗಾಲಿಯನ್ನು ಹಬ್ಬಿಗೆ ಹಿಡಿಯುವ ನಟ್ಟುಗಳೇ ಬೇರೆ, ರಿಮ್ಮಿನ ಎರಡು ಹೋಳು ಹಿಡಿಯುವ ನಟ್ಟುಗಳೇ ಬೇರೆ. ಗಾಳಿ ಇರುವಾಗ ಎರಡನೆಯವನ್ನು ಸಡಿಲಿಸಿದರೆ ರಿಮ್ಮು ಸಿಡಿದು ಎದುರಿದ್ದವರ ಪ್ರಾಣ ತೆಗೆಯುತ್ತದೆ. ವಾಲ್ವಿನ ಒಳಗಿನ ಕೋರ್ ತೆಗೆದು, ಗಾಳಿ ಪೂರ್ತಿ ಹೋಗಿದೆ ಎಂದು ತಂತಿ ಹಾಕಿ ನೋಡಿ, ಆಮೇಲೆ ಕೈ ಹಾಕಬೇಕು. ಮತ್ತೆ ಗಾಳಿ ತುಂಬುವುದು ಕಬ್ಬಿಣದ ಪಂಜರದ ಒಳಗೆ, ಉದ್ದನೆಯ ಹೋಸಿನಿಂದ, ಪಕ್ಕಕ್ಕೆ ನಿಂತು. ಇನ್ನೊಂದು: ಈ ಲಾರಿಯ ಟೈರು ಒಳಗಿದ್ದ ಯಾರೋ ಗುಂಡಿ ಒತ್ತಿದರೂ ಇಳಿಯುತ್ತದೆ. ಕೆಳಗೆ ಮಲಗಿ ಕೆಲಸ ಮಾಡುವಾಗ ಛಾಸಿಯ ಕೆಳಗೆ ಗಟ್ಟಿ ದಿಮ್ಮಿ ಇರಲಿ, ಗಾಲಿಗೆ ಅಡೆ ಇರಲಿ, ಎಂಜಿನ್ನಿನ ಕೀಲಿ ನಿಮ್ಮ ಜೇಬಿನಲ್ಲಿರಲಿ.

“ಗಾಳಿ ನಿಲ್ತಿಲ್ಲಣ್ಣ” ಎಂದು ಡ್ರೈವರ್ ಹೇಳಿದರೆ ತಿರುಗಿ ಕೇಳಬೇಕಾದ ಪ್ರಶ್ನೆಗಳು ಇವು. ಒಂದೇ ಗಾಲಿಯೋ ಎಲ್ಲವೋ? ನಿಂತಾಗಲೋ ಓಡುವಾಗಲೋ? ರಾತ್ರಿ ಇಡೀ ಕಳೆದ ಮೇಲೋ, ಅರ್ಧ ಗಂಟೆಯಲ್ಲೋ? ಅಳೆದದ್ದು ಯಾವ ಹೊತ್ತಿನಲ್ಲಿ? ಕೊನೆಯ ಪ್ರಶ್ನೆ ಸಣ್ಣದೆಂದು ಬಿಡಬೇಡಿ. ಚಿತ್ರದುರ್ಗದ ಬೇಸಗೆಯ ಮಧ್ಯಾಹ್ನ 38 ಡಿಗ್ರಿಯಲ್ಲಿ 60 ಪೌಂಡು ತೋರಿಸಿದ ಟೈರು 18 ಡಿಗ್ರಿಗೆ ತಣಿದರೆ ಒಂದು ಹನಿ ಗಾಳಿ ಸೋರದೆಯೇ 55 ತೋರಿಸುತ್ತದೆ. ಸಂಜೆ ಅಳೆದು, ಬೆಳಿಗ್ಗೆ ಅಳೆದು, ಐದು ಪೌಂಡು ಕಮ್ಮಿಯಾಯಿತೆಂದು ಹಬ್ಬು ಬಿಚ್ಚಿದವರು ಇಲ್ಲದ ರೋಗಕ್ಕೆ ಔಷಧಿ ಹುಡುಕುತ್ತಿರುತ್ತಾರೆ. ಅದಕ್ಕೇ ಅಳತೆ ಯಾವಾಗಲೂ ಬೆಳಿಗ್ಗೆಯಿಂದ ಬೆಳಿಗ್ಗೆಗೆ, ಬಿಸಿಲು ಟೈರಿಗೆ ತಾಗುವ ಮೊದಲು, ಒಂದೇ ಕೈಗೇಜಿನಲ್ಲಿ. ಅಂಕಿಯನ್ನು ಟೈರಿನ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ನೆನಪು ಮೋಸ ಮಾಡುತ್ತದೆ.

ಉರಾಲ್, ಝಿಲ್ ಬಗೆಯ ಲಾರಿಗಳಲ್ಲಿ ಪ್ರತಿ ಗಾಲಿಗೂ ಕೈಯಿಂದ ತಿರುಗಿಸುವ ಒಂದು ಟ್ಯಾಪು ಇರುತ್ತದೆ. ಮೊದಲ ರಾತ್ರಿ ಎಲ್ಲ ಟ್ಯಾಪುಗಳನ್ನೂ ಮುಚ್ಚಿ ಲಾರಿ ನಿಲ್ಲಿಸಿ. ಈಗ ಪ್ರತಿ ಟೈರೂ ಒಂಟಿ. ಬೆಳಿಗ್ಗೆ ಒಂದು ಟೈರು ಇಳಿದಿದ್ದರೆ ತಪ್ಪು ಆ ಟೈರು, ಟ್ಯೂಬು, ರಿಮ್ಮಿನ ಓರಿಂಗು (ಸಂದು ಮುಚ್ಚುವ ರಬ್ಬರ್ ಬಳೆ), ವಾಲ್ವು ಇಷ್ಟರಲ್ಲೇ ಇದೆ. ಅದು ಮಾಮೂಲಿ ಪಂಚರ್ ಅಂಗಡಿಯ ಕೆಲಸ. ಎರಡನೇ ರಾತ್ರಿ ಎಲ್ಲ ಟ್ಯಾಪು ತೆರೆದು, ಗಾಳಿ ತುಂಬಲು, ಬಿಡಲು ಡ್ರೈವರ್ ತಿರುಗಿಸುವ ಒಳಗಿನ ಹಿಡಿಕೆಯನ್ನು ನಡುವಿನ ಸ್ಥಾನದಲ್ಲಿಟ್ಟು ನಿಲ್ಲಿಸಿ. ಈಗ ಎಲ್ಲ ಟೈರುಗಳೂ ಪೈಪಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ, ಬಾವಿಗಳೆಲ್ಲ ಒಂದೇ ಸೆಲೆಗೆ ಸೇರಿದ ಹಾಗೆ. ಮೊದಲ ರಾತ್ರಿ ನೆಟ್ಟಗೆ ನಿಂತಿದ್ದ ಟೈರುಗಳೆಲ್ಲ ಎರಡನೇ ರಾತ್ರಿ ಒಟ್ಟಿಗೆ ಇಳಿದರೆ ಟೈರುಗಳು ನಿರಪರಾಧಿ. ತಪ್ಪು ಪೈಪಿನಲ್ಲೋ, ಹಬ್ಬಿನ ಸೀಲಿನಲ್ಲೋ, ಒಳಗಿನ ವಾಲ್ವಿನಲ್ಲೋ ಇದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಗಾಲಿಯ ಟ್ಯಾಪು ಇರುವುದು ಹಬ್ಬಿನ ಹೊರತುದಿಯಲ್ಲಿ, ಅಂದರೆ ಸೀಲಿನ ಆಚೆ ಬದಿ. ಟ್ಯಾಪು ಮುಚ್ಚಿದರೆ ಟೈರು ಬೇರೆಯಾಗುತ್ತದೆ, ಸೀಲು ಪೈಪಿನ ಜೊತೆಯಲ್ಲೇ ಉಳಿಯುತ್ತದೆ. ಹಾಗಾಗಿ ಟ್ಯಾಪುಗಳನ್ನೆಲ್ಲ ಮುಚ್ಚಿ, ಪೈಪಿಗೆ ಗಾಳಿ ತುಂಬಿ, ಹಿಡಿಕೆ ನಡುವೆ ಇಟ್ಟಾಗ ಒಳಗಿನ ಗೇಜು ಮುಳ್ಳು ಇಳಿಯತೊಡಗಿದರೆ ಆರು ಹಬ್ಬುಗಳಲ್ಲಿ ಯಾವುದು ಎಂದು ಇನ್ನೂ ಗೊತ್ತಾಗಿಲ್ಲ. ಛಾಸಿಯಿಂದ ಆಕ್ಸಲಿಗೆ ಹೋಗುವ ರಬ್ಬರ್ ಹೋಸು ಬಿಚ್ಚಿ ಡಮ್ಮಿ, ಅಂದರೆ ಬಾಯಿ ಮುಚ್ಚುವ ಬಿರಡೆ ಹಾಕಬೇಕು. ಒಂದೊಂದಾಗಿ ಅಲ್ಲ, ಅರ್ಧಕ್ಕೆ ಅರ್ಧ. ಮೊದಲು ಹಿಂದಿನ ಎರಡೂ ಆಕ್ಸಲಿಗೆ ಡಮ್ಮಿ ಹಾಕಿ. ಮುಳ್ಳು ನಿಂತರೆ ಸೋರಿಕೆ ಹಿಂದಿದೆ, ಇಳಿಯುತ್ತಲೇ ಇದ್ದರೆ ಮುಂದಿದೆ. ಆಮೇಲೆ ಉಳಿದರ್ಧವನ್ನು ಮತ್ತೆ ಇಬ್ಭಾಗ ಮಾಡಿ. ಮೂರು ಸಲದೊಳಗೆ ಹಬ್ಬು ಸಿಗುತ್ತದೆ.

ಗಾಳಿ ಹಾಯುತ್ತಿರುವಾಗ ಗೇಜು ನಿಜ ಹೇಳುವುದಿಲ್ಲ ಎಂಬುದೂ ನೆನಪಿರಲಿ. ತುಂಬುವಾಗ ಮುಳ್ಳು ಟೈರಿಗಿಂತ ಮೇಲೆ, ಬಿಡುವಾಗ ಟೈರಿಗಿಂತ ಕೆಳಗೆ. ಹಿಡಿಕೆ ನಡುವಿಗೆ ತಂದು ಒಂದು ನಿಮಿಷ ಬಿಟ್ಟರೆ ಸಮಕ್ಕೆ ಬರುತ್ತದೆ.

ಹುಡುಕುತ್ತಿರುವ ಸೋರಿಕೆ ಎಷ್ಟು ದೊಡ್ಡದು ಎಂಬ ಅಂದಾಜು ತಲೆಯಲ್ಲಿದ್ದರೆ ಕಣ್ಣು ಸರಿಯಾಗಿ ನೋಡುತ್ತದೆ. 14.00-20 ಅಳತೆಯ ಟೈರಿನ ಒಳಗೆ ಸುಮಾರು 250 ಲೀಟರ್ ಜಾಗ. 12 ಗಂಟೆಯಲ್ಲಿ ನಿಜವಾಗಿಯೂ 5 ಪೌಂಡು ಇಳಿದರೆ ಹೊರಗೆ ಹೋದ ಗಾಳಿ 85 ಲೀಟರಿನ ಆಸುಪಾಸು, ನಿಮಿಷಕ್ಕೆ 120 ಮಿಲಿಲೀಟರ್, ಸೆಕೆಂಡಿಗೆ ಎರಡು. ಅದು ಕಿವಿಗೆ ಕೇಳುವಂಥದ್ದಲ್ಲ. ಅಂಗೈಗೂ ತಾಗುವುದಿಲ್ಲ. ಶಾಂಪೂ ಪಾಕೀಟು ಕರಗಿಸಿದ ನೀರಿನಲ್ಲೋ ಅಂಟುವಾಳದ ನೊರೆಯಲ್ಲೋ ಬ್ರಷ್ಷು ಅದ್ದಿ ಹಚ್ಚಿ, ಅಲ್ಲೇ ಕೂತು ಎರಡು ನಿಮಿಷ ನೋಡಬೇಕು. ಹಚ್ಚಿದ ತಕ್ಷಣ ನೋಡಿ ಮುಂದೆ ಹೋದರೆ ಈ ಸೋರಿಕೆ ಸಿಗುವುದಿಲ್ಲ.

ಹಬ್ಬಿನ ಒಳಗಿನ ಸೋರಿಕೆಗೆ ನೊರೆಯೂ ಸಾಲದು. ಸೀಲಿನ ಒಳತುಟಿ ಹರಿದರೆ ಗಾಳಿ ಬೇರಿಂಗಿನ ಕಡೆಗೆ ನುಗ್ಗಿ, ಅಲ್ಲಿಂದ ಆಕ್ಸಲ್ ಹೌಸಿಂಗಿಗೆ ಹೋಗಿ, ಡಿಫರೆನ್ಷಿಯಲ್ಲಿನ ಮೇಲಿರುವ ಬ್ರೀದರಿನಿಂದ ಹೊರಬೀಳುತ್ತದೆ. ಬ್ರೀದರ್ ಬಿಚ್ಚಿ ಅಲ್ಲೊಂದು ನಿಪ್ಪಲ್ಲು ಕೂರಿಸಿ, ಸಣ್ಣ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಅರ್ಧ ನೀರಿರುವ ಬಾಟಲಿಯಲ್ಲಿ ಮುಳುಗಿಸಿ. ಪೈಪಿಗೆ ಗಾಳಿ ತುಂಬಿದಾಗ ಬಾಟಲಿಯಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಆ ಆಕ್ಸಲಿನ ಎರಡು ಹಬ್ಬುಗಳಲ್ಲಿ ಒಂದು ಕೆಟ್ಟಿದೆ. ಒಂದು ಎಚ್ಚರಿಕೆ: ಓಡಿಸಿಕೊಂಡು ಬಂದ ಲಾರಿಯಲ್ಲಿ ಇದನ್ನು ಮಾಡಬೇಡಿ. ಬಿಸಿ ಎಣ್ಣೆಯೂ ಒಳಗಿನ ಗಾಳಿಯೂ ಹಿಗ್ಗಿ ಕುಗ್ಗುವಾಗ ಬ್ರೀದರ್ ತಾನಾಗಿಯೇ ಉಸಿರಾಡುತ್ತದೆ. ಆಕ್ಸಲ್ ಪೂರ್ತಿ ತಣ್ಣಗಿರಬೇಕು.

ಈ ಬ್ರೀದರ್ ಎರೆಮಣ್ಣಿನಿಂದ ಮುಚ್ಚಿಹೋಗಿದ್ದರೆ ಕಥೆ ಬೇರೆಯೇ ಆಗುತ್ತದೆ. ಸೋರಿದ ಗಾಳಿಗೆ ದಾರಿಯಿಲ್ಲದೆ ಹೌಸಿಂಗಿನೊಳಗೆ ಒತ್ತಡ ಕಟ್ಟಿಕೊಂಡು, ಎಣ್ಣೆ ಸೀಲುಗಳನ್ನು ತಳ್ಳಿ, ಎಣ್ಣೆಯೂ ಗ್ರೀಸೂ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ. ನೋಡುವವರಿಗೆ ಅದು ಆಕ್ಸಲಿನ ಎಣ್ಣೆ ಸೀಲು ಕೆಟ್ಟದ್ದರ ಹಾಗೇ ಕಾಣುತ್ತದೆ. ಸೀಲು ಬದಲಿಸಿ, ಲೈನರ್ ತೊಳೆದು ಕಳಿಸಿದ ಒಂದೇ ವಾರಕ್ಕೆ ಮತ್ತೆ ಸೋರುತ್ತದೆ. ಸಿಟಿಐಎಸ್ ಇರುವ ಲಾರಿಯ ಡ್ರಮ್ಮಿನಲ್ಲಿ ಎಣ್ಣೆ ಕಂಡರೆ ಮೊದಲು ಬ್ರೀದರಿಗೆ ತಂತಿ ಹಾಕಿ, ಬಾಟಲಿ ಪರೀಕ್ಷೆ ಮಾಡಿ. ಎಣ್ಣೆ ಸೀಲಿನ ಮಾತು ಆಮೇಲೆ.

ಹಬ್ಬು ಬಿಚ್ಚಿದಾಗ ಕೈಗೆ ಬರುವುದು ಒಂದಕ್ಕೊಂದು ಮುಖ ಮಾಡಿದ ಎರಡು ರಬ್ಬರ್ ತುಟಿಗಳು, ನಡುವೆ ಗಾಳಿ ಹಾಯುವ ಸಂದು. ಹರಿದ ತುಟಿ ನೋಡಿ ಹೊಸದು ಹಾಕಿ ಮುಚ್ಚಿಬಿಡುವುದು ಎಲ್ಲರೂ ಮಾಡುವ ತಪ್ಪು. ತುಟಿ ಏಕೆ ಹರಿಯಿತು ಎಂದು ಕೇಳಬೇಕು. ಬಹುಪಾಲು ಸಲ ಉತ್ತರ ಬೇರಿಂಗಿನಲ್ಲಿರುತ್ತದೆ. ಹಬ್ಬು ಅಲ್ಲಾಡಿದರೆ ಸೀಲಿನ ತುಟಿ ಪ್ರತಿ ಸುತ್ತಿಗೂ ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಭಾರಿ ಲಾರಿಗಳ ಹಬ್ಬಿನ ಬೇರಿಂಗಿಗೆ ಸಾಮಾನ್ಯವಾಗಿ ಹೇಳುವ ಆಟ 0.025ರಿಂದ 0.125 ಮಿ.ಮೀ. ಅದನ್ನು ಕೈಯಲ್ಲಿ ಅಲ್ಲಾಡಿಸಿ ಅಂದಾಜು ಮಾಡಲಾಗದು. ಡಯಲ್ ಗೇಜು ಬೇಕು. ನಿಮ್ಮ ವಾಹನದ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ.

ಆಮೇಲೆ ತುಟಿ ಕೂರುವ ಉಕ್ಕಿನ ಮೈ. ಉಗುರು ಎಳೆದಾಗ ಗೆರೆ ಸಿಕ್ಕಿದರೆ ಅಲ್ಲಿ ಹೊಸ ಸೀಲೂ ಬಾಳುವುದಿಲ್ಲ. ಎಮರಿ ಕಾಗದದಿಂದ ಉಜ್ಜುವುದಾದರೆ ಶಾಫ್ಟಿನ ಸುತ್ತಲೂ ಒಂದೇ ಸಾಲಿನಲ್ಲಿ ಉಜ್ಜಬೇಕು. ಉದ್ದಕ್ಕೋ ಓರೆಯಾಗಿಯೋ ಉಜ್ಜಿದ ಗೆರೆಗಳು ಸ್ಕ್ರೂವಿನ ಮರೆಯಂತೆ (ಥ್ರೆಡ್ಡಿನಂತೆ) ಕೆಲಸ ಮಾಡಿ ಗಾಳಿಯನ್ನು ಹೊರಗೆ ದಾಟಿಸುತ್ತವೆ. ಸೀಲು ಏರಿಸುವಾಗ ಶಾಫ್ಟಿನ ಮರೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ತುಟಿಗೆ ಗ್ರೀಸು ಸವರಿ, ನೆಟ್ಟಗೆ ತಳ್ಳಿ. ಮರೆಯ ಚೂಪಿಗೆ ತಾಗಿ ಕೂದಲೆಳೆಯಷ್ಟು ಸೀಳಿದರೂ ಆ ದಿನವೆಲ್ಲ ಪಟ್ಟ ಶ್ರಮ ನೀರಿನಲ್ಲಿಟ್ಟ ಹೋಮ. ಒಣ ಸೀಲು ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಸುಟ್ಟುಹೋಗುತ್ತದೆ, ಹಾಗಾಗಿ ಗ್ರೀಸಿನಲ್ಲಿ ಜಿಪುಣತನ ಬೇಡ.

ರಬ್ಬರಿನ ಜಾತಿ ನೋಡದೆ ಡಬ್ಬಿಯಿಂದ ಅಳತೆಗೆ ಸರಿಹೊಂದಿದ ಓರಿಂಗು ಹಾಕುವುದೂ ಸೋರಿಕೆಗೆ ಕರೆಯೋಲೆ. ನೈಟ್ರೈಲ್ ರಬ್ಬರು ಖನಿಜ ಎಣ್ಣೆ, ಗ್ರೀಸು ತಡೆಯುತ್ತದೆ. ಇಪಿಡಿಎಂ ರಬ್ಬರು ಬ್ರೇಕ್ ಆಯಿಲಿಗೆ ಒಳ್ಳೆಯದು, ಗ್ರೀಸು ತಾಗಿದರೆ ಊದಿ ಮೆತ್ತಗಾಗುತ್ತದೆ. ಕಣ್ಣಿಗೆ ಎರಡೂ ಕಪ್ಪು, ಎರಡೂ ಒಂದೇ. ಅನುಮಾನ ಬಂದರೆ ಅದೇ ಪಾಕೀಟಿನ ಒಂದು ಓರಿಂಗನ್ನು ವರ್ನಿಯರಿನಲ್ಲಿ ಅಳೆದು, ಎಂಜಿನ್ ಆಯಿಲಿನಲ್ಲಿ ಎರಡು ದಿನ ನೆನೆಹಾಕಿ ಮತ್ತೆ ಅಳೆಯಿರಿ. ಢಾಳಾಗಿ ಊದಿದ್ದರೆ ಆ ಪಾಕೀಟು ಹಬ್ಬಿನ ಹತ್ತಿರ ಬರಕೂಡದು.

ಈಗ ಗಾಳಿ ತುಂಬುವುದೇ ನಿಧಾನ ಎಂಬ ದೂರು. ಇದರಲ್ಲಿ ಅರ್ಧದಷ್ಟು ದೂರುಗಳು ದೂರುಗಳೇ ಅಲ್ಲ, ಲೆಕ್ಕ. ಆರು ಟೈರು, ಒಂದೊಂದು 250 ಲೀಟರ್, 1 ಬಾರ್‌ನಿಂದ 4 ಬಾರ್‌ಗೆ ಏರಿಸಲು 4,500 ಲೀಟರ್ ಹೊರಗಾಳಿ ಬೇಕು (1 ಬಾರ್ ಎಂದರೆ ಸುಮಾರು 14.5 ಪೌಂಡು). 300 ಸಿ.ಸಿ. ಕಂಪ್ರೆಸರ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ, ಟ್ಯಾಂಕಿನ ಎದುರೊತ್ತಡದಲ್ಲಿ ಶೇಕಡಾ 60ರಷ್ಟು ಗಾಳಿ ದಕ್ಕಿದರೂ 270 ಲೀಟರ್. ಅಂದರೆ ಹದಿನಾರು ಹದಿನೇಳು ನಿಮಿಷ. ಅದೇ ಎಂಜಿನ್ನು 600ರಲ್ಲಿ ಐಡಲ್ ಓಡುತ್ತಿದ್ದರೆ ಮುಕ್ಕಾಲು ಗಂಟೆಯ ಹತ್ತಿರ. ಆಕ್ಸಿಲರೇಟರ್ ತುಸು ಒತ್ತಿ ಹಿಡಿದು ಸಮಯ ನೋಡಿ. ಲೆಕ್ಕಕ್ಕಿಂತ ಎರಡು ಪಟ್ಟು ಹೆಚ್ಚು ಹಿಡಿದರೆ ಮಾತ್ರ ಕಂಪ್ರೆಸರಿನ ರೀಡ್ ವಾಲ್ವು, ಅನ್‌ಲೋಡರ್, ಕಾರ್ಬನ್ ಕಟ್ಟಿದ ಡೆಲಿವರಿ ಪೈಪು ಈ ಕಡೆ ಹೋಗಿ.

ಈ ನಿಧಾನವನ್ನು ತಾಳಲಾರದೆ ಕೆಲವರು ಮಾಡುವ ಒಂದು ಕೆಲಸದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಬ್ರೇಕಿನ ಟ್ಯಾಂಕಿಗೂ ಟೈರಿನ ಪೈಪಿಗೂ ನಡುವೆ ಒಂದು ಕಾವಲು ವಾಲ್ವಿದೆ. ಝಿಲ್-131ರಂಥ ಲಾರಿಯಲ್ಲಿ ಅದು ಸುಮಾರು 5.5 ಬಾರ್‌ಗೆ ಕಟ್ಟಿರುತ್ತದೆ. ಬ್ರೇಕಿನ ಗಾಳಿ ಅದಕ್ಕಿಂತ ಮೇಲಿದ್ದರೆ ಮಾತ್ರ ಮಿಕ್ಕದ್ದು ಟೈರಿಗೆ, ಕೆಳಗಿಳಿದರೆ ಬಾಗಿಲು ಬಂದ್. ಟೈರು ಬೇಗ ತುಂಬಲಿ ಎಂದು ಈ ವಾಲ್ವನ್ನು ತಪ್ಪಿಸಿ ನೇರ ಪೈಪು ಎಳೆಯುವವರಿದ್ದಾರೆ. ಅಂಥ ಲಾರಿಯಲ್ಲಿ ಓಡುವಾಗ ಒಂದು ಹೋಸು ಕಿತ್ತುಬಂದರೆ ಟೈರಿನ ಗಾಳಿಯ ಜೊತೆ ಬ್ರೇಕಿನ ಗಾಳಿಯೂ ಹೋಗುತ್ತದೆ. ಹೆದ್ದಾರಿ 48ರಲ್ಲಿ ಚಿತ್ರದುರ್ಗ ದಾಟುವ ಲೋಡು ಗಾಡಿಗೆ ಹಾಗಾದರೆ ಏನಾಗಬಹುದೆಂದು ಯೋಚಿಸಿ. ಮರಳಿನಲ್ಲಿ ಹೂತ ಲಾರಿಯನ್ನು ಇನ್ನೊಂದು ಲಾರಿ ಎಳೆದು ತೆಗೆಯುತ್ತದೆ, ಬ್ರೇಕಿಲ್ಲದ ಲಾರಿಗೆ ಸಿಕ್ಕವರನ್ನು ವಾಪಸು ತರಲು ಯಾರಿಂದಲೂ ಆಗದು.

ಆ ವಾಲ್ವು ಸರಿಯಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಗಾಲಿಗೆ ಅಡೆ ಕೊಡಿ. ಟ್ಯಾಂಕು ತುಂಬಿಸಿ ಎಂಜಿನ್ ಆರಿಸಿ. ಟೈರುಗಳು ಕಡಿಮೆ ಗಾಳಿಯಲ್ಲಿರುವಾಗ ಹಿಡಿಕೆಯನ್ನು ತುಂಬುವ ಕಡೆಗೆ ತಿರುಗಿಸಿ ಬ್ರೇಕಿನ ಗೇಜು ನೋಡುತ್ತಿರಿ. ಮುಳ್ಳು ಇಳಿಯುತ್ತಾ ಬಂದು 5.5ರ ಹತ್ತಿರ ನಿಂತುಬಿಡಬೇಕು. ನಿಲ್ಲದೆ ಇಳಿಯುತ್ತಲೇ ಇದ್ದರೆ, ಕಡಿಮೆ ಗಾಳಿಯ ಬಝರ್ ಕೂಗುವ 60 ಪೌಂಡಿನವರೆಗೆ ಕಾಯಬೇಡಿ, ವಾಲ್ವು ಬಿಚ್ಚಿ. ಪಿಸ್ಟನ್ನಿನ ಕೆಳಗೆ ಕಸ, ಸೀಟಿನ ಮೇಲೆ ತುಕ್ಕು, ದಣಿದ ಸ್ಪ್ರಿಂಗು ಈ ಮೂರರಲ್ಲಿ ಒಂದಿರುತ್ತದೆ. ಏನೂ ಬಿಚ್ಚದೆ ಮಾಡುವ ಈ ಪರೀಕ್ಷೆಯನ್ನು, ಡ್ರೈವರ್ ಹೇಳಿದ ದೂರು ಬೇರೆಯೇ ಆಗಿದ್ದರೂ, ಪ್ರತಿ ಸಲವೂ ಮಾಡಬೇಕು.

ಎಲೆಕ್ಟ್ರಾನಿಕ್ ಬಗೆಯದು ಬೇರೆ ಜಾಡು. ಅಮೆರಿಕದ ಎಂ939ಎ2 ಲಾರಿಗಳಲ್ಲಿರುವಂತೆ ಇದರಲ್ಲಿ ಹೆದ್ದಾರಿ, ಕಚ್ಚಾ ನೆಲ, ಮರಳು, ತುರ್ತು ಎಂದು ನಾಲ್ಕು ಗುಂಡಿ. ಆ ಲಾರಿಗೆ ಸುಮಾರು 60, 35, 25, 12 ಪೌಂಡು. ಮುಖ್ಯ ವ್ಯತ್ಯಾಸ ಇದು: ಕೆಲಸವಿಲ್ಲದಾಗ ಪೈಪಿನಲ್ಲಿ ಗಾಳಿಯೇ ಇರುವುದಿಲ್ಲ, ಹಾಗಾಗಿ ಸೀಲುಗಳಿಗೆ ಬಿಡುವು. ಪೆಟ್ಟಿಗೆಯು ಆಗಾಗ ಒಂದು ಗುಟುಕು ಗಾಳಿ ಕಳಿಸಿ ಗಾಲಿಯ ವಾಲ್ವು ತೆರೆಸಿ, ಒತ್ತಡ ಓದಿ, ಆಮೇಲೆ ಪೈಪನ್ನು ಥಟ್ಟನೆ ಖಾಲಿ ಮಾಡುತ್ತದೆ. ಆ ಥಟ್ಟನೆಯ ಇಳಿತವೇ ಗಾಲಿಯ ವಾಲ್ವಿಗೆ ಮುಚ್ಚಿಕೋ ಎಂಬ ಅಪ್ಪಣೆ. ಇಳಿತ ನಿಧಾನವಾದರೆ ವಾಲ್ವು ಅರೆಬಾಗಿಲು ತೆರೆದುಕೊಂಡೇ ಉಳಿಯುತ್ತದೆ, ಟೈರಿನ ಗಾಳಿ ಅದೇ ಪೈಪಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಸೀಲೂ ಸರಿ, ಪೈಪೂ ಸರಿ, ಟೈರೂ ಸರಿ, ಆದರೂ ಗಾಳಿ ಇಲ್ಲ.

ಪೈಪು ಖಾಲಿ ಮಾಡುವುದು ಕ್ವಿಕ್ ರಿಲೀಸ್ ವಾಲ್ವು. ಅದರ ಬಾಯಿ ಕೆಳಮುಖವಾಗಿ ತೆರೆದಿರುತ್ತದೆ. ಒಂದು ತಿಂಗಳು ಶೆಡ್ಡಿನಲ್ಲಿ ನಿಂತ ಲಾರಿಯಲ್ಲಿ ಕಡಜ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲವೇ ಒಣಗಿದ ಎರೆ ಕಲ್ಲಿನಂತೆ ಕೂತಿರುತ್ತದೆ. ಪರೀಕ್ಷೆ ಕಿವಿಯಲ್ಲೇ: ಒತ್ತಡ ನೋಡುವ ಸರದಿ ಮುಗಿದಾಗ ಒಂದು ಚುರುಕಾದ ‘ಭುಸ್’ ಕೇಳಬೇಕು. ಎಳೆದಾಡುವ ‘ಸ್‌ಸ್‌ಸ್’ ಕೇಳಿದರೆ ಆ ಬಾಯಿ ಕಟ್ಟಿದೆ. ಬಿಚ್ಚಿ, ರಬ್ಬರ್ ಪರದೆ ತೆಗೆದು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ ಕೂರಿಸಿ. ಪೆಟ್ರೋಲಿನಲ್ಲಿ ತೊಳೆದರೆ ಪರದೆ ಊದುತ್ತದೆ. ಅಷ್ಟಾದರೂ ಒಂದೇ ಗಾಲಿ ಇಳಿಯುತ್ತಿದ್ದರೆ ಆ ಗಾಲಿಯ ವಾಲ್ವನ್ನು ಇನ್ನೊಂದು ಗಾಲಿಗೆ ಅದಲುಬದಲು ಮಾಡಿ ಒಂದು ರಾತ್ರಿ ಬಿಡಿ. ರೋಗ ವಾಲ್ವಿನ ಜೊತೆ ಹೋದರೆ ವಾಲ್ವಿನದು, ಗಾಲಿಯಲ್ಲೇ ಉಳಿದರೆ ಗಾಲಿಯದು.

ವಿದ್ಯುತ್ ಭಾಗಕ್ಕೆ ಬರುವುದು ಕೊನೆಗೆ. ಮಲ್ಟಿಮೀಟರ್ ಹಿಡಿದು ಪೆಟ್ಟಿಗೆಯ ಬಳಿ 24 ವೋಲ್ಟ್ ಇದೆಯೇ ನೋಡಿ, ಸಾಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವು) ಎಳೆದಿರುವ ಹೊತ್ತಿನಲ್ಲೇ ನೋಡಿ, ಏಕೆಂದರೆ ತುಕ್ಕು ಹಿಡಿದ ಅರ್ತಿಂಗು ಲೋಡು ಬಿದ್ದಾಗಲೇ ಸಿಕ್ಕಿಬೀಳುವುದು. ಸಾಲೆನಾಯ್ಡ್ ಸುರುಳಿಯ ಮೇಲೆ 24 ವೋಲ್ಟ್, 10 ವ್ಯಾಟ್ ಎಂದಿದ್ದರೆ ಅದರ ರೋಧ 58 ಓಮಿನ ಆಸುಪಾಸು ಇರಬೇಕು. ಒತ್ತಡದ ಸೆನ್ಸರಿಗೆ 5 ವೋಲ್ಟ್ ಬರುತ್ತಿದ್ದರೆ, ಪೈಪು ಖಾಲಿಯಿದ್ದಾಗ ಅಂಥ ಬಹುತೇಕ ಸೆನ್ಸರುಗಳು ಅರ್ಧ ವೋಲ್ಟಿನ ಹತ್ತಿರ ಹೇಳುತ್ತವೆ. ಸೊನ್ನೆ ಬಂದರೆ ವೈರು ತುಂಡಾಗಿರಬಹುದು.

ನೀರು ಎರಡೂ ಬಗೆಗೆ ಶತ್ರು. ಮಳೆಗಾಲದಲ್ಲಿ ಟ್ಯಾಂಕಿನ ನೀರು ದಿನಾ ಸಂಜೆ ಬಿಡಬೇಕು. ಲಡಾಖಿನಂಥ ಕಡೆ ಆ ನೀರು ವಾಲ್ವಿನೊಳಗೇ ಹೆಪ್ಪುಗಟ್ಟುತ್ತದೆ, ನಮ್ಮ ಕಡೆ ತುಕ್ಕಾಗಿ ಸೂಜಿಯ ಮೊನೆಯಷ್ಟಿರುವ ತೂತುಗಳನ್ನು ಮುಚ್ಚುತ್ತದೆ. ಸಾಲೆನಾಯ್ಡ್ ಬಿಚ್ಚಿದಾಗ ಒಳಗೆ ಬಿಳಿ ಪುಡಿ ಕಂಡರೆ ಅದು ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಹೊಟ್ಟೆಯೊಳಗಿನ ಮಣಿಗಳು ಪುಡಿಯಾಗಿ ಬಂದದ್ದು. ಡ್ರೈಯರಿನ ಕಾರ್ಟ್ರಿಜ್ ಬದಲಿಸದೆ ಸಾಲೆನಾಯ್ಡ್ ಮಾತ್ರ ತೊಳೆದರೆ ಮತ್ತೆ ಅದೇ ಪಾಡು.

ಹಬ್ಬಿನಿಂದ ಟೈರಿಗೆ ಹೊರಗೆ ಕಾಣುವ ಸಣ್ಣ ಹೋಸೊಂದಿದೆ. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ, ಬಳ್ಳಾರಿ ಜಾಲಿಯ ನಡುವೆ ಓಡಿದ ಗಾಡಿಯಾದರೆ ಅದನ್ನು ಬಾಗಿಸಿ ನೋಡಿ. ಜಾಲಿ ಮುಳ್ಳು ಟೈರಿನಲ್ಲಿ ನೆಟ್ಟರೆ ಕಾಣುತ್ತದೆ, ಹೋಸಿನಲ್ಲಿ ಮುರಿದುಕೊಂಡರೆ ಕಾಣುವುದಿಲ್ಲ, ಹೋಸು ನೆಟ್ಟಗಿದ್ದಾಗ ಸೋರುವುದೂ ಇಲ್ಲ.

ಇದನ್ನೆಲ್ಲ ಓದಿ ತಮ್ಮ ಮಾಮೂಲಿ ಲಾರಿಯ ಗಾಳಿಯನ್ನೂ ಹೊಲದಲ್ಲಿ 12 ಪೌಂಡಿಗೆ ಇಳಿಸುವ ಮನಸ್ಸು ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಮಿಲಿಟರಿ ಲಾರಿಯ ರಿಮ್ಮಿನಲ್ಲಿ ಟೈರಿನ ಅಂಚನ್ನು ಒತ್ತಿ ಹಿಡಿಯುವ ಉಂಗುರವಿರುತ್ತದೆ. ಉರಾಲ್ ಟೈರು ಸುಮಾರು 3.2 ಬಾರ್ ಗಾಳಿಯಿಂದ 0.5 ಬಾರಿಗೆ ಇಳಿದೂ ರಿಮ್ಮು ಬಿಡದಿರುವುದು ಅದರಿಂದಲೇ. ಅದಿಲ್ಲದ ರಿಮ್ಮಿನಲ್ಲಿ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಕೊಳ್ಳುತ್ತದೆ. ಉಂಗುರವಿದ್ದ ಲಾರಿಯೂ ಗಾಳಿ ಇಳಿಸಿಕೊಂಡು ಡಾಂಬರು ರಸ್ತೆಯಲ್ಲಿ ಓಡಬಾರದು, ಪಕ್ಕೆ ಮಡಚಿ ಮಡಚಿ ಕಾದು ಟೈರು ಒಳಗಿನಿಂದಲೇ ಬಿಡಿಸಿಕೊಳ್ಳುತ್ತದೆ. ಅತಿ ಕಡಿಮೆ ಗಾಳಿಯಲ್ಲಿ ನಡಿಗೆಯ ವೇಗಕ್ಕಿಂತ ತುಸು ಹೆಚ್ಚು, ಅದೂ ಕೆಸರು ದಾಟುವವರೆಗೆ ಮಾತ್ರ.

ಕೆಲಸ ಮುಗಿದ ಮೇಲೆ ಇಪ್ಪತ್ತು ಕಿಲೋಮೀಟರ್ ಓಡಿಸಿ ತಂದು ಹಬ್ಬುಗಳನ್ನು ಕೈಯಿಂದ ಮುಟ್ಟಿ ನೋಡಿ. ಹೊಸ ಸೀಲಿನ ಹಬ್ಬು ಮಿಕ್ಕವಕ್ಕಿಂತ ಸ್ವಲ್ಪ ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಬಿಗಿಯಾಗಿದೆ. ಬಾಟಲಿ ಪರೀಕ್ಷೆ ಆಕ್ಸಲ್ ತಣಿದ ಮೇಲೆ ಇನ್ನೊಮ್ಮೆ. ಆಮೇಲೆ ಎಲ್ಲ ಟೈರುಗಳ ಹಳೆಯ ಅಂಕಿ ಒರೆಸಿ, ಬೆಳಿಗ್ಗೆ ಹೊಸ ಅಂಕಿ ಬರೆದು, ಮೊದಲ ರಾತ್ರಿ ಟ್ಯಾಪು ಮುಚ್ಚಿ, ಎರಡನೇ ರಾತ್ರಿ ತೆರೆದು ಬಿಡಿ. ಮೂರನೇ ಬೆಳಿಗ್ಗೆ ಗೇಜು ಹೇಳುವುದೂ ಸೀಮೆಸುಣ್ಣ ಹೇಳುವುದೂ ಒಂದೇ ಆದರೆ ಜೇಬಿನಲ್ಲಿರುವ ಕೀಲಿಯನ್ನು ಡ್ರೈವರಿಗೆ ಕೊಡಬಹುದು.